ಎಡ ಅಂಗೈಯ ಕೆಲಸ

ನ್ಯಾಮತಿಯ ಆ ಮನೆಗೆ ಮೊದಲ ಸಲ ಹೋದ ದಿನ, ಕೂತು ನೀರು ಕುಡಿಯುವ ಮೊದಲೇ ನಾನೊಂದು ಮಾತು ಆಡಿಬಿಟ್ಟೆ. "ಪುಣ್ಯ ಮಾಡಿದ್ರಿ ಅಪ್ಪಾಜಿ, ಲಕ್ವ ಹೊಡೆದಿರೋದು ಎಡಗೈಗೆ. ಬಲಗೈ ಭದ್ರ ಐತೆ." ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ ಅವರು ನನ್ನನ್ನು ಒಮ್ಮೆ ನೋಡಿದರು. ಬೈದಿದ್ದರೂ ಚೆನ್ನಾಗಿತ್ತು. ಬೈಯಲಿಲ್ಲ. "ಹ್ಞೂಂ, ಪುಣ್ಯ" ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡರು.

ನನ್ನ ಕೆಲಸಕ್ಕೆ ಆಕ್ಯುಪೇಷನಲ್ ಥೆರಪಿ ಎನ್ನುತ್ತಾರೆ. ಕೈಕಾಲು ಸೋತವರು ತಮ್ಮ ದಿನದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವಂತೆ ಮಾಡುವುದು ನಮ್ಮ ಕಸುಬು. ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ರೊಟ್ಟಿ ಬಡಿಯುವುದು, ಅಂಗಡಿ ಬಾಗಿಲು ಎತ್ತುವುದು, ಇವೆಲ್ಲ ನಮಗೆ ಪಾಠ. ಒಂದು ಸಣ್ಣ ಸಂಸ್ಥೆ ನನ್ನನ್ನು ಮನೆ ಮನೆಗೆ ಕಳಿಸುತ್ತದೆ. ಸೋಮವಾರ ನ್ಯಾಮತಿ, ಮಂಗಳವಾರ ಹೊನ್ನಾಳಿ, ಬುಧವಾರ ಚನ್ನಗಿರಿ, ಗುರುವಾರ ನನ್ನ ತವರು ಜಗಳೂರು. ಹೊನ್ನಾಳಿಯಲ್ಲಿ ಒಂದು ಬಾಡಿಗೆ ರೂಮು. ನನ್ನನ್ನು ಎಲ್ಲರೂ ಕರೆಯುವುದು ಕೈ ಡಾಕ್ಟ್ರಮ್ಮ ಎಂದು. ಡಾಕ್ಟ್ರು ಅಲ್ಲ ಎಂದು ತಿದ್ದುವುದನ್ನು ಬಿಟ್ಟು ಬಹಳ ದಿನವಾಯಿತು.

ಕಾಲೇಜಿನಲ್ಲಿ ನಮಗೆ ಪಾಠ ಹೇಳಿದ ಮೇಡಂ ಒಬ್ಬರಿದ್ದರು. ರೋಗಿಯ ಮುಂದೆ ಕೂತಾಗ ನಮ್ಮ ತಲೆಯಲ್ಲಿ ಎಷ್ಟು ಬಗೆಯ ಯೋಚನೆ ಓಡಬೇಕು ಎನ್ನುವುದೇ ಅವರಿಗೆ ಪ್ರಾಣ. ಪುಸ್ತಕದ ಭಾಷೆಯಲ್ಲಿ ಅದು ಕ್ಲಿನಿಕಲ್ ರೀಸನಿಂಗ್. ಅವರು ಹೇಳುತ್ತಿದ್ದದ್ದು ಹೀಗೆ: "ಯಾವ ನರ, ಯಾವ ಕೀಲು, ಯಾವ ವ್ಯಾಯಾಮ ಅಂತ ಯೋಚಿಸೋದು ಒಂದು ಬಗೆ. ಅದನ್ನ ಪರೀಕ್ಷೆಗೆ ಓದಿಕೊಂಡು ಬರ್ತೀರಿ. ಎದುರಿಗಿರೋ ಮನುಷ್ಯ ಏನು ಕಥೆ ಬದುಕ್ತಿದ್ದ, ಆ ಕಥೆ ಎಲ್ಲಿ ನಿಂತೋಯ್ತು ಅಂತ ಯೋಚಿಸೋದು ಇನ್ನೊಂದು ಬಗೆ. ಅದಕ್ಕೆ ಪರೀಕ್ಷೆ ಇಲ್ಲ. ಅಲ್ಲೇ ನೀವೆಲ್ಲ ಫೇಲಾಗೋದು." ನಾವು ನಕ್ಕು, ಬರೆದುಕೊಂಡು, ಆ ಬಗೆಗಳ ಹೆಸರನ್ನೆಲ್ಲ ಉರು ಹೊಡೆದೆವು. ಒಳ್ಳೆಯ ಅಂಕವೇ ಬಂತು.

ನ್ಯಾಮತಿಯ ಅಪ್ಪಾಜಿಗೆ ಹಗ್ಗದ ಅಂಗಡಿ. ಮಿಣಿ, ಮೂಗುದಾರ, ಗೋಣಿಚೀಲ, ಬಾರುಕೋಲು. ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ. ಈಗ ಮಗ ಕೂರುತ್ತಾನೆ. ಲಕ್ವ ಹೊಡೆದು ಎರಡು ತಿಂಗಳಾದ ಮೇಲೆ ನಾನು ಹೋದದ್ದು. ಎಡಗಾಲು ಎಳೆಯುತ್ತಿತ್ತಾದರೂ ಕೋಲು ಹಿಡಿದು ಬಚ್ಚಲವರೆಗೆ ಹೋಗುತ್ತಿದ್ದರು. ಎಡಗೈ ಮಾತ್ರ ಎದೆಗೆ ಅಂಟಿಕೊಂಡಿತ್ತು. ಹೆಬ್ಬೆರಳನ್ನು ಒಳಗಿಟ್ಟುಕೊಂಡು ಮುಷ್ಟಿ ಬಿಗಿದಿತ್ತು. ಮುಟ್ಟಿದರೆ ಗೊತ್ತಾಗದು. ನಾನು ಫಾರಂ ತೆಗೆದು ಸಾಲಾಗಿ ಕೇಳಿದೆ. ಬರೆಯೋದು ಯಾವ ಕೈ? ಬಲ. ಉಣ್ಣೋದು? ಬಲ. ಹಗ್ಗ ಅಳೆಯೋದು? "ಎರಡೂ ಕೈ ಬೇಕು. ಆದ್ರೆ ಈಗ ಯಾರು ಅಳೀತಾರೆ, ತೂಕದ ಮ್ಯಾಲೆ ಹೋಗ್ತೈತೆ." ಸರಿ, ಬಲಗೈ ರೂಢಿಯವರು. ಎಡಗೈಗೆ ವ್ಯಾಯಾಮ, ಬಲಗೈಯೊಂದರಲ್ಲೇ ಅಂಗಿ ತೊಡುವ ಅಭ್ಯಾಸ ಎಂದು ಬರೆದೆ. ಕಾಲು ಗಂಟೆಯಲ್ಲಿ ಒಬ್ಬ ಮನುಷ್ಯನ ಲೆಕ್ಕ ಚುಕ್ತಾ ಮಾಡಿದ ಹೆಮ್ಮೆಯಲ್ಲಿ ಚಹಾ ಕುಡಿದೆ.

ಅಂಗಿ ತೊಡುವುದನ್ನು ಅವರು ಎರಡೇ ವಾರದಲ್ಲಿ ಕಲಿತರು. ಚುರುಕು ಮನುಷ್ಯ. ಆದರೆ ಸೋಮವಾರದಿಂದ ಸೋಮವಾರಕ್ಕೆ ಇಳಿಯುತ್ತಿದ್ದರು. ಕೊರಳೆಲುಬು ಎದ್ದು ಕಂಡವು. ಪಂಚೆಯ ಗಂಟು ನಿಲ್ಲದೆ ದಾರ ಕಟ್ಟಿದರು. ಊಟ ಸೇರುತ್ತಿಲ್ಲ ಎಂದರು ಅಮ್ಮ, ಅಂದರೆ ಅವರ ಹೆಂಡತಿ. ನನ್ನ ತಲೆ ಮತ್ತೆ ಓದಿದ ದಾರಿಯಲ್ಲೇ ಓಡಿತು. ಲಕ್ವದವರಿಗೆ ನುಂಗುವ ತೊಂದರೆ ಇರುತ್ತದೆ. ಒಂದು ಲೋಟ ನೀರು ಕೊಟ್ಟು ಗಂಟಲ ಮೇಲೆ ಬೆರಳಿಟ್ಟು ನೋಡಿದೆ. ಗಟಗಟ ಕುಡಿದರು. ಹಾಗಾದರೆ ಮನಸ್ಸಿನ ಕುಗ್ಗು ಇರಬೇಕು. ದಾವಣಗೆರೆಗೆ ತೋರಿಸಿ ಎಂದು ಚೀಟಿ ಬರೆದೆ.

ಚೀಟಿ ಕೈಗಿಟ್ಟಾಗ ಅಮ್ಮ ನನ್ನನ್ನು ಹಿತ್ತಲಿಗೆ ಕರೆದರು. ಪಾತ್ರೆ ತಿಕ್ಕುವ ಕಲ್ಲಿನ ಹತ್ತಿರ ನಿಂತು ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಡಾಕ್ಟ್ರಮ್ಮ, ಇವ್ರಿಗೆ ಹಸಿವು ಇಲ್ಲ ಅಂತಲ್ಲ. ಪೂಜೆ ಇಲ್ದೆ ಉಣ್ಣಂಗಿಲ್ಲ ಇವ್ರು. ಮದುವೆಯಾಗಿ ಬಂದಾಗಿಂದ ನೋಡೀನಿ, ಜ್ವರ ಬರ್ಲಿ, ಮಳೆ ಬರ್ಲಿ, ಲಿಂಗಪೂಜೆ ಆಗ್ದೆ ಒಂದು ತುತ್ತು ಬಾಯಿಗೆ ಹೋಗಿಲ್ಲ. ಆಸ್ಪತ್ರೇಲಿ ಪೈಪಿನಾಗೆ ಹಾಕಿದ್ರು, ಅದು ಎಚ್ಚರ ಇಲ್ದಾಗ. ಮನೀಗೆ ಬಂದ ಮ್ಯಾಲೆ ಹಾಲು, ಬಾಳೆಹಣ್ಣು. ಅಷ್ಟೇ."

"ಪೂಜೆ ಮಾಡ್ಕಳಾಕೆ ಏನಮ್ಮ ತೊಂದ್ರೆ? ಬಲಗೈ..."

ಅಷ್ಟರಲ್ಲಿ ಅಮ್ಮ ತಮ್ಮ ಎಡ ಅಂಗೈಯನ್ನು ನನ್ನ ಮುಂದೆ ಬಿಡಿಸಿ ಹಿಡಿದಿದ್ದರು.

ನಾನು ಯಾವುದೋ ದೂರದ ಊರಿನಿಂದ ಬಂದವಳಾಗಿದ್ದರೆ ಕ್ಷಮಿಸಬಹುದಿತ್ತು. ಜಗಳೂರಿನಲ್ಲಿ ನಮ್ಮಜ್ಜಿಯ ಮಡಿಲಲ್ಲಿ ಬೆಳೆದವಳು ನಾನು. ನನ್ನ ಬಾಯಲ್ಲಿ ಏನಾದರೂ ನಾಲ್ಕು ಒಳ್ಳೆಯ ಮಾತಿದ್ದರೆ ಅದು ಅವಳ ಮಾತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಎದೆಯ ಮೇಲಿನ ಬೆಳ್ಳಿ ಕರಡಿಗೆಯಿಂದ ಬೆರಳ ತುದಿಯಷ್ಟು ಕಪ್ಪನೆಯ ಲಿಂಗವನ್ನು ತೆಗೆದು ಅವಳು ಇಟ್ಟುಕೊಳ್ಳುತ್ತಿದ್ದದ್ದು ಎಡ ಅಂಗೈಯಲ್ಲಿ. ಬಲಗೈ ಆಳು. ನೀರು ಹಾಕುವುದು, ಪತ್ರೆ ಏರಿಸುವುದು ಅದರ ಕೆಲಸ. ಎಡ ಅಂಗೈ ದೇವರ ಪೀಠ. ಅಷ್ಟು ಹೊತ್ತು ನಾವು ಮಕ್ಕಳು ಕೆಮ್ಮುವಂತಿರಲಿಲ್ಲ. ಅದನ್ನೆಲ್ಲ ಕಣ್ಣಾರೆ ಕಂಡವಳು, ನನ್ನದೇ ಲಿಂಗವನ್ನು ಬೀರುವಿನ ಬಟ್ಟೆಗಳ ಹಿಂದೆ ಇಟ್ಟುಕೊಂಡವಳು, ಇಂಥ ಮನೆಯ ಹಿರಿಯನಿಗೆ ಎಡಗೈ ಹೋದದ್ದು ಪುಣ್ಯ ಎಂದಿದ್ದೆ.

"ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ ತಾಯಿ. ನಿಮ್ ಫಾರಂನಾಗೆ ಹಲ್ಲುಜ್ಜೋದು ಕೇಳಿದ್ರಿ, ಕಕ್ಕಸಿಗೆ ಹೋಗೋದು ಕೇಳಿದ್ರಿ, ತಲೆ ಬಾಚೋದು ಕೇಳಿದ್ರಿ. ಇವ್ರಿಗೆ ತಲೇಲಿ ಕೂದ್ಲೇ ಇಲ್ಲ."

ನಗು ಬರಬೇಕಾದ ಮಾತು. ಇಬ್ಬರಿಗೂ ಬರಲಿಲ್ಲ.

ಒಳಗೆ ಬಂದು ಅಪ್ಪಾಜಿಯ ಮಂಚದ ಹತ್ತಿರ ನೆಲದ ಮೇಲೇ ಕೂತೆ. ತಪ್ಪಾಯಿತು ಎಂದೆ. ಅವರು "ನೀವೂ ನಮ್ಮೋರೇ ಏನು?" ಎಂದು ಕೇಳಿದರು. ಹೌದೆಂದೆ. "ಹಂಗಾದ್ರೆ ತಪ್ಪು ಜಾಸ್ತಿ ಆತು" ಎಂದು ಅಷ್ಟು ದಿನದಲ್ಲಿ ಮೊದಲ ಸಲ ಸಣ್ಣಗೆ ನಕ್ಕರು.

ಮೊದಲು ಸುಲಭದ ದಾರಿಗಳನ್ನು ನೋಡಿದೆವು. ಅಮ್ಮ ಮಠದ ಅಯ್ಯನವರನ್ನು ಕರೆಸಿದರು. ಅವರು ತಿಳಿದವರು, ಸಮಾಧಾನದವರು. "ಪುಟ್ಟ ಪೀಠದ ಮ್ಯಾಲೆ ಇಟ್ಟು ಮಾಡ್ರಿ. ಇಲ್ಲಾ ಯಜಮಾನ್ತಿ ಅಂಗೈನಾಗೆ ಇಡ್ಲಿ, ನೀವು ಪತ್ರೆ ಏರಿಸ್ರಿ. ರೋಗಿಗೆ ನೇಮ ಇಲ್ಲ. ಶಿವ ಏನು ಕೈ ಎಣಿಸ್ತಾನಾ?" ಎಂದರು. ಅವರು ಹೋದ ಮೇಲೆ ಅಪ್ಪಾಜಿ ಹೇಳಿದ್ದು ಒಂದೇ ಮಾತು: "ಅಯ್ಯ ಹೇಳ್ತಾನೆ. ಅಯ್ಯನ ಕೈ ಸರಿ ಐತೆ."

ಆಮೇಲೆ ನನ್ನ ಕಡೆ ತಿರುಗಿದರು. "ಡಾಕ್ಟ್ರಮ್ಮ, ಸುತ್ತಿ ಬಳಸಿ ಬ್ಯಾಡ. ಈ ಕೈ ಬರ್ತೈತಾ?"

ಬರುವುದಿಲ್ಲ. ನನಗೆ ಗೊತ್ತಿತ್ತು. ಇಷ್ಟು ದಿನವಾದರೂ ಒಂದು ಬೆರಳೂ ಅಲುಗದ, ಸೂಜಿ ಚುಚ್ಚಿದರೂ ತಿಳಿಯದ ಕೈ ಮತ್ತೆ ಕೈಯಾಗುವುದು ತೀರ ಅಪರೂಪ. ಸರಿ ಯಾವುದು, ತಪ್ಪು ಯಾವುದು ಎಂದು ತೂಗುವ ಯೋಚನೆಯೂ ಮೇಡಂ ಹೇಳಿದ ಬಗೆಗಳಲ್ಲಿ ಒಂದು. ಅದನ್ನು ಕೊನೆಯ ಪುಟದಲ್ಲಿ ಇಡಬೇಡಿ ಎಂದೂ ಹೇಳಿದ್ದರು. ಆದರೆ ಎದುರಿಗೆ ಕೊರಳೆಲುಬು ಎದ್ದ ಮನುಷ್ಯ. ಬರುವುದಿಲ್ಲ ಎಂದರೆ ಆ ಹಾಲು, ಬಾಳೆಹಣ್ಣೂ ನಿಲ್ಲುತ್ತವೆ.

"ನೋಡಾಣ ಅಪ್ಪಾಜಿ" ಎಂದೆ.

"ನೋಡಾಣ ಅಂದ್ರೆ?"

"ಕೈ ಮೊದ್ಲಿನಂಗೆ ಆಗ್ದೆ ಹೋದ್ರೂ ಅಂಗೈ ಬಿಚ್ಚಿ ನಿಂತ್ರೆ ಸಾಕಲ್ಲ? ಅಷ್ಟಕ್ಕೆ ಪ್ರಯತ್ನ ಮಾಡಾಣ. ಆದ್ರೆ ಅಲ್ಲೀವರೆಗೂ ದೇಹ ನಿಲ್ಲಬೇಕು. ದಿನಾ ಎರಡು ಸಲ ಗಂಜಿ ಕುಡೀಬೇಕು."

ಅವರು ಹಗ್ಗಕ್ಕೆ ರೇಟು ಕೇಳಿದ ಗಿರಾಕಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಗಂಜಿ ಊಟ ಅಲ್ವಾ?"

"ಔಷಧಿ."

"ಉಪ್ಪು ಹಾಕಿದ್ರೆ ಊಟ. ಹಾಕ್ದೆ ಇದ್ರೆ ಔಷಧಿ" ಎಂದು ತಾವೇ ತೀರ್ಪು ಕೊಟ್ಟರು. ಅಮ್ಮ ಅಂದಿನಿಂದ ಉಪ್ಪಿಲ್ಲದ ಗಂಜಿ ಕಾಯಿಸಿದರು. ನನ್ನ ಆ ಒಂದು 'ನೋಡಾಣ'ದ ಮೇಲೆ ಅವರು ಕುಡಿದರು.

ಇರುವ ಬಸ್ಸು, ಸಿಗುವ ಸಾಮಾನು, ಒಂದು ವಾರಕ್ಕೆ ಒಂದು ಗಂಟೆ, ಇಷ್ಟರಲ್ಲಿ ಏನಾದೀತು ಎಂದು ಯೋಚಿಸುವುದಕ್ಕೂ ನಮ್ಮಲ್ಲಿ ಒಂದು ಹೆಸರಿದೆ. ಬೆರಳು ಬಿಡಿಸಿ ಹಿಡಿಯುವ ಆಸರೆ ಮಾಡಲು ದೊಡ್ಡ ಆಸ್ಪತ್ರೆಗಳಲ್ಲಿ ಒಂದು ಬಗೆಯ ಹಾಳೆ ಇರುತ್ತದೆ, ಬಿಸಿನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಅದು ನನ್ನ ಕೈಗೆ ಎಟುಕುವಂಥದ್ದಲ್ಲ. ನಾವು ಹಳ್ಳಿ ಕಡೆ ಕೆಲಸ ಮಾಡುವವರು ಪಿವಿಸಿ ಪೈಪು ಬಳಸುತ್ತೇವೆ. ಹೊನ್ನಾಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೂವರೆ ಅಡಿ ಉದ್ದದ ಪೈಪು ಕೊಯ್ಸಿ ತಂದೆ. ಉದ್ದಕ್ಕೆ ಸೀಳಿ, ಅಮ್ಮನ ಒಲೆಯ ಮೇಲೆ ತಿರುಗಿಸಿ ತಿರುಗಿಸಿ ಬಿಸಿ ಮಾಡಿ, ಒದ್ದೆ ಟವೆಲಿನಲ್ಲಿ ಒತ್ತಿ, ಅಂಗೈ ಮೇಲ್ಮುಖವಾಗಿ ಕೂರುವ ಹಾಗೆ ಬಗ್ಗಿಸಿದೆ. ಮೊಣಕೈಯಿಂದ ಬೆರಳ ತುದಿಯವರೆಗೆ. ಅಮ್ಮ ಹಳೆಯ ಪಂಚೆಯ ಬಿಳಿ ಬಟ್ಟೆ ಹೊದಿಸಿ ಹೊಲಿದರು. ಅಪ್ಪಾಜಿ ಅದನ್ನು ಕಟ್ಟಿಕೊಂಡಾಗ ಅಂಗೈ ಒಂದು ಸಣ್ಣ ತಟ್ಟೆಯ ಹಾಗೆ ಬಿಚ್ಚಿ ನಿಂತಿತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಯಾರದೋ ಅಂಗೈ ನೋಡಿದ ಹಾಗೆ.

ಅಭ್ಯಾಸಕ್ಕೆ ಲಿಂಗವನ್ನು ಬಳಸುವಂತಿರಲಿಲ್ಲ. ನಿಂಬೆಹಣ್ಣು ಇಟ್ಟೆವು. ಮೊದಲು ಆಸರೆ ಕಟ್ಟಿ, ಆಮೇಲೆ ಬಿಚ್ಚಿ. ಬಿಗಿತ ಸಡಿಲವಾಗಲು ಬಿಸಿನೀರಿನ ಬಟ್ಟೆ, ಮೆಲ್ಲಗೆ ಎಳೆತ, ಮೊಣಕೈ ಕೆಳಗೆ ಮಣೆ. ದಿನಾ ಅಮ್ಮ ಮಾಡಿಸುತ್ತಿದ್ದರು, ಸೋಮವಾರ ನಾನು.

"ನಿಂಬೆಹಣ್ಣು ಹಿಡ್ಕಂಡು ಕುಂತಿದ್ದೀನಿ ನೋಡು, ಮಾಟ ಮಾಡ್ಸಾಕೆ ಬಂದೋನಂಗೆ" ಎನ್ನುತ್ತಿದ್ದರು ಅಪ್ಪಾಜಿ.

"ನಿಮ್ಗೆ ಮಾಟ ಮಾಡಿ ಯಾರು ಏನು ಕಿತ್ಕಂತಾರೆ? ಬದುಕಿಡೀ ಹಗ್ಗ ಮಾರಿದ್ರಿ, ಮನ್ಯಾಗೆ ಬಟ್ಟೆ ಒಣಗ್ಸಾಕೆ ಒಂದು ಗೇಣು ಹಗ್ಗ ಕಟ್ಲಿಲ್ಲ" ಎನ್ನುತ್ತಿದ್ದರು ಅಮ್ಮ.

"ಮಾರೋ ಸಾಮಾನು ಮನೀಗೆ ತರಬಾರ್ದು ಕಣೇ. ಸಾರಾಯಿ ಅಂಗಡಿಯೋನ ಹೆಂಡ್ತೀನ ಕೇಳು, ಹೇಳ್ತಾಳೆ."

ಆ ದಿನಗಳಲ್ಲಿ ಆ ಮನೆಗೆ ಹೋಗುವುದೆಂದರೆ ನನಗೆ ಖುಷಿ. ಇದನ್ನು ಒಪ್ಪಿಕೊಳ್ಳಲೇಬೇಕು. ಜಗಳೂರಿನ ಅಜ್ಜಿ ಹೋದ ಮೇಲೆ ಅಂಥ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ರೋಗಿಯ ಜೊತೆ ಹೇಗೆ ಬೆರೆಯಬೇಕು, ಎಲ್ಲಿ ನಗಬೇಕು, ಎಲ್ಲಿ ಸುಮ್ಮನಿರಬೇಕು ಎನ್ನುವುದೂ ನಮ್ಮಲ್ಲೊಂದು ಯೋಚನೆಯ ಬಗೆ. ನಾನು ಅದರಲ್ಲಿ ಜಾಣೆ ಎಂದು ನನಗೆ ಗುಮಾನಿ ಇತ್ತು. ಒಡನಾಟ ಹೆಚ್ಚಾದಾಗ ಇಲ್ಲ ಎನ್ನುವುದು ಕಷ್ಟವಾಗುತ್ತದೆ ಎಂದು ಮೇಡಂ ಹೇಳಿದ್ದರೋ ಇಲ್ಲವೋ ನೆನಪಿಲ್ಲ.

ಆರನೆಯ ವಾರಕ್ಕೆ ಆಸರೆ ಕಟ್ಟಿದ ಅಂಗೈಯಲ್ಲಿ ನಿಂಬೆಹಣ್ಣು ಕದಲದೆ ಕೂರುತ್ತಿತ್ತು. ಬಿಚ್ಚಿದ ಮೇಲೂ ಇಪ್ಪತ್ತು ಎಣಿಸುವಷ್ಟು ಹೊತ್ತು ಎರಡು ಸಲ ನಿಂತಿತು. ಅದು ಕೈಯ ಶಕ್ತಿಯಲ್ಲ. ಬಿಸಿನೀರಿನ ಶಾಖ, ಮಣೆಯ ಆಸರೆ, ಮನಸ್ಸಿನ ನಿರಾಳ ಸೇರಿ ಬಿಗಿತ ಸ್ವಲ್ಪ ಹೊತ್ತು ಮರೆತು ಮಲಗಿದ್ದಷ್ಟೇ. ನನಗೆ ಗೊತ್ತಿತ್ತು. ಅಪ್ಪಾಜಿಗೆ ಗೊತ್ತಿರಲಿಲ್ಲ. "ಬರೋ ಸೋಮವಾರ ಪೂಜೆ" ಎಂದು ಅವರೇ ಗೊತ್ತು ಮಾಡಿದರು. ಆಸರೆ ಕಟ್ಟಿಕೊಂಡೇ ಮಾಡಬೇಕು ಎಂದು ನಾನು ಕರಾರು ಹಾಕಿದೆ. ಒಪ್ಪಿದರು.

ಆ ಸೋಮವಾರ ಹೊನ್ನಾಳಿಯಿಂದ ಮೊದಲ ಬಸ್ಸಿಗೆ ಹೋದೆ. ಅವರು ಸ್ನಾನ ಮಾಡಿ, ಮೂರು ಬೆರಳ ವಿಭೂತಿ ಧರಿಸಿ, ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಎದುರಿಗೆ ತಂಬಿಗೆ, ಪತ್ರೆ, ನಾಲ್ಕು ಕಣಗಿಲೆ ಹೂವು. ಒಳಗಿನಿಂದ ಚಿತ್ರಾನ್ನದ ಒಗ್ಗರಣೆ ವಾಸನೆ. ಅಮ್ಮ ಎಷ್ಟೋ ದಿನದ ಮೇಲೆ ಉಪ್ಪು ಹಾಕಿ ಅಡಿಗೆ ಮಾಡಿದ್ದರು.

ಅಮ್ಮ ಆಸರೆಯನ್ನು ತಂದರು. ಮಡಿಗೆಂದು ಅದರ ಬಟ್ಟೆಯನ್ನು ಬಿಚ್ಚಿ ಒಗೆದು ಹಾಕಿದ್ದರು, ಅದಿನ್ನೂ ಒಣಗಿರಲಿಲ್ಲ. ಬರಿಯ ಬಿಳಿಯ ಪೈಪು. ಬೆನ್ನ ಮೇಲೆ ನೀಲಿ ಅಕ್ಷರದಲ್ಲಿ ಅದರ ಅಳತೆ ಅಚ್ಚಾಗಿತ್ತು.

ಅಪ್ಪಾಜಿ ಅದನ್ನು ತಿರುಗಿಸಿ ನೋಡಿದರು. ಹಗ್ಗದ ಅಂಗಡಿಯ ಪಕ್ಕದಲ್ಲೇ ಹಾರ್ಡ್‌ವೇರ್ ಅಂಗಡಿ ಇದ್ದ ಮನುಷ್ಯ.

"ಇದು ನಾಕಿಂಚಿನ ಪೈಪಲ್ವಾ?"

"ಹೌದು ಅಪ್ಪಾಜಿ. ಹೊಸದು. ಅಂಗಡಿಯಿಂದ ನೇರ ತಂದಿದ್ದು."

"ಹೊಸದೇ. ಆದ್ರೆ ನಾಕಿಂಚು ಎಲ್ಲಿಗೆ ಹಾಕ್ತಾರೆ ಹೇಳ್ರಿ."

ಅಮ್ಮ ಬಾಯಿಗೆ ಸೆರಗು ಹಿಡಿದರು.

"ಕಕ್ಕಸಿನ ಪೈಪಿನ ಮ್ಯಾಲೆ ಕುಂದ್ರುಸ್ಲಾ?" ಎಂದರು ಅಪ್ಪಾಜಿ. ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಆಸರೆಗೆ ಯಾವ ಪೈಪು ಒಳ್ಳೆಯದು ಎಂದು ಯೋಚಿಸಿದ್ದೆ, ಆ ಆಸರೆಯ ಮೇಲೆ ಏನು ಕೂರುತ್ತದೆ ಎಂದು ತಿಳಿದೂ ಇತ್ತು. ಎರಡನ್ನೂ ಒಂದು ಕಡೆ ಇಟ್ಟು ನೋಡಿರಲಿಲ್ಲ. ಅಡುಗೆಮನೆಯ ಒಲೆಯ ಮೇಲೆ ಅದನ್ನು ಕಾಯಿಸುವಾಗ ಅಮ್ಮನೂ ನೋಡಿರಲಿಲ್ಲ. ಟವೆಲು ಸುತ್ತೋಣ ಎಂದೆ. ಒಳಗೆ ಅದೇ ಇರುತ್ತದಲ್ಲ ಎಂದರು. ಮುಂದಿನ ವಾರ ಮರದ್ದು ಮಾಡಿಸಿ ತರುತ್ತೇನೆ, ಇವತ್ತು ಬೇಡ ಎಂದು ನಾನು ಹೇಳಬೇಕಿತ್ತು. ಹೀಗೆ ಮಾಡಿದರೆ ಮುಂದೇನಾದೀತು ಎಂದು ನಾಲ್ಕು ಹೆಜ್ಜೆ ಆಚೆ ಕಾಣುವ ಯೋಚನೆ ನಮ್ಮ ಪುಸ್ತಕದಲ್ಲಿ ಎಲ್ಲಕ್ಕಿಂತ ಮೇಲಿನದು. ನನಗೆ ಕಂಡದ್ದು ಅವರ ಹಣೆಯ ವಿಭೂತಿ, ಒಳಗೆ ಬೇಯಿಸಿಟ್ಟ ಅಡಿಗೆ, ಅಷ್ಟೇ.

"ಇದನ್ನ ಬಿಚ್ಚಿದ ಮ್ಯಾಲೂ ಎರಡು ಸಲ ನಿಂತಿತ್ತಲ್ಲ ಡಾಕ್ಟ್ರಮ್ಮ, ಹಂಗೇ ಮಾಡ್ತೀನಿ" ಎಂದರು ಅವರು.

"ಆತು ಅಪ್ಪಾಜಿ" ಎಂದೆ.

ಬಿಸಿನೀರಿನ ಬಟ್ಟೆ ಕಟ್ಟಿ, ಬೆರಳು ಒಂದೊಂದಾಗಿ ಬಿಡಿಸಿ, ತೊಡೆಯ ಮೇಲೆ ಅಂಗೈ ಇಟ್ಟೆ. ದೂರ ಸರಿದು ಬಾಗಿಲ ಹತ್ತಿರ ನಿಂತೆ. ಅವರು ಬಲಗೈಯಿಂದ ಕರಡಿಗೆ ತೆರೆದು ಲಿಂಗವನ್ನು ತೆಗೆದು ಎಡ ಅಂಗೈಯ ನಡುವೆ ಇಟ್ಟರು. ಅದು ನಿಂತಿತು. ನೀರೆರೆದರು. ನಿಂತಿತು. ಅವರ ತುಟಿ ನಡುಗಿತು. ಕಣ್ಣು ತುಂಬಿ ಬಂದು ಮುಚ್ಚಿಕೊಂಡವು. ಮಂತ್ರ ಶುರುವಾಯಿತು.

ಸತ್ತ ಕೈಗೆ ಒಂದು ಸ್ವಭಾವವಿದೆ. ಮನಸ್ಸು ಕಲಕಿದಾಗ, ಅಳುವಾಗ, ನಗುವಾಗ ಅದು ತಾನಾಗಿ ಬಿಗಿಯುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೂ ಇದು ಗೊತ್ತು. ನಿಂಬೆಹಣ್ಣನ್ನು ನೋಡಿ ಅವರು ಎಂದೂ ಅತ್ತಿರಲಿಲ್ಲ. ಅವರ ಮೊಣಕೈ ನಿಧಾನವಾಗಿ ಮಡಚಿತು. ಮುಂಗೈ ಒಳಗೆ ಹೊರಳಿತು. ಲಿಂಗ ಜಾರಿ, ಮಣೆಗೆ ತಾಗಿ ಟಕ್ ಎಂದು ಸದ್ದಾಗಿ, ಗಾರೆ ನೆಲದ ಮೇಲೆ ಉರುಳಿ ಬಂದು ನನ್ನ ಕಾಲ ಬೆರಳಿಗೆ ತಗುಲಿ ನಿಂತಿತು.

ಅವರಿಗೆ ಗೊತ್ತಾಗಲಿಲ್ಲ. ಅಂಗೈಗೆ ಸ್ಪರ್ಶವಿರಲಿಲ್ಲವಲ್ಲ. ಆ ಸದ್ದು ಅವರದೇ ಮಂತ್ರದಲ್ಲಿ ಮುಳುಗಿತು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಲಗೈ ಒಂದು ಪತ್ರೆಯನ್ನು ಎತ್ತಿ, ಎಡ ಅಂಗೈ ಇದ್ದಿದ್ದ ಜಾಗದಲ್ಲಿ, ಗಾಳಿಯಲ್ಲಿ ಏರಿಸಿತು. ಇನ್ನೊಂದು ಪತ್ರೆ. ಅವು ತೊಡೆಯ ಮೇಲೆ ಬೀಳುತ್ತಿದ್ದವು.

ನಾನು ಕಾಲು ಎಳೆದುಕೊಳ್ಳಲೂ ಆಗದೆ ನಿಂತಿದ್ದೆ. ಅಮ್ಮ ನನ್ನ ಕಾಲ ಬಳಿ ಬಗ್ಗಿ ಲಿಂಗವನ್ನು ಸೆರಗಿನಲ್ಲಿ ಎತ್ತಿ, ಹಣೆಗೆ ಒತ್ತಿಕೊಂಡು, ಎಲ್ಲಾದರೂ ಮುಕ್ಕಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಅಮ್ಮ ಗಂಡನ ಪಕ್ಕ ಕೂತು, ಆ ಕೈಯನ್ನು ಕೆಳಗಿಳಿಸಿ, ಬೆರಳು ಬಿಡಿಸಿ, ಲಿಂಗವನ್ನು ಮತ್ತೆ ಅಲ್ಲಿಟ್ಟು, ಪೂಜೆ ಮುಗಿಯುವವರೆಗೂ ತಮ್ಮ ಎರಡೂ ಕೈಯನ್ನು ಕೆಳಗಿನಿಂದ ಆನಿಸಿ ಹಿಡಿದರು. ಇನ್ನೇನು ಕಣ್ಣು ತೆರೆಯುತ್ತಾರೆ ಎಂದಾಗ ಕೈ ತೆಗೆದರು.

ಅಪ್ಪಾಜಿ ಲಿಂಗವನ್ನು ನೋಡಿದರು. ತೊಡೆಯ ಮೇಲಿನ ಪತ್ರೆಗಳನ್ನು ನೋಡಿದರೋ ಇಲ್ಲವೋ. "ಆತು" ಎಂದರು. ಆಮೇಲೆ ಚಿತ್ರಾನ್ನ ಉಂಡರು, ಮಜ್ಜಿಗೆ ಅನ್ನ ಉಂಡರು, ಇನ್ನೊಂದು ಹಪ್ಪಳ ಕೇಳಿ ಹಾಕಿಸಿಕೊಂಡರು. "ಡಾಕ್ಟ್ರಮ್ಮಂಗೆ ಬಡಿಸೇ, ಗುಬ್ಬಿಯಂಗೆ ಉಂತಾಳೆ" ಎಂದು ಅಮ್ಮನನ್ನು ಗದರಿದರು. ನಾನೂ ಉಂಡೆ. ಯಾವ ರುಚಿಯೂ ತಿಳಿಯಲಿಲ್ಲ.

ಬಾಗಿಲವರೆಗೆ ಕಳಿಸಲು ಬಂದ ಅಮ್ಮ, "ದಿನಾ ನಾನು ಪಕ್ಕದಾಗೆ ಕುಂದ್ರುತೀನಿ. ಗೊತ್ತಾಗಂಗಿಲ್ಲ" ಎಂದು ಪಿಸುಗುಟ್ಟಿದರು. "ಹೇಳ್ಬಿಡಾಣವಾ?" ಎಂದೆ. "ಇವತ್ತೊಂದಿನ ಉಂಡಾರೆ ತಾಯಿ" ಎಂದರು. ಬಸ್ಸಿನಲ್ಲಿ ಫಾರಂ ತೆಗೆದೆ. ಏನು ಬರೆಯಬೇಕೆಂದು ತಿಳಿಯದೆ ಹಾಗೇ ಮಡಚಿದೆ. ಆ ವಾರ ಚನ್ನಗಿರಿಯಲ್ಲಿ, ಜಗಳೂರಿನಲ್ಲಿ ಯಾರ ಕೈ ಹಿಡಿದರೂ ನನ್ನ ಗಮನ ಅಲ್ಲಿರಲಿಲ್ಲ. ಮುಂದಿನ ಸೋಮವಾರ ಹೇಳಿಬಿಡುತ್ತೇನೆ ಎಂದುಕೊಂಡೆ. ಮರದ ಆಸರೆ ಮಾಡಿಕೊಡಲು ತ್ಯಾವಣಿಗೆಯ ಬಡಗಿಯೊಬ್ಬರಿಗೆ ಅಳತೆ ಕೊಟ್ಟೆ.

ಸೋಮವಾರದವರೆಗೆ ಏನೂ ಕಾಯಲಿಲ್ಲ. ಗುರುವಾರವೇ ಎಲ್ಲ ಮುಗಿದಿತ್ತು. ಸೋಮವಾರ ನಾನು ಹೋದಾಗ ಅದನ್ನು ಅಮ್ಮ ನನಗೆ ಹಿತ್ತಲಲ್ಲಿ ಹೇಳಿದರು. ಎರಡು ದಿನ ಪಕ್ಕದಲ್ಲಿ ಕೂತಿದ್ದರಂತೆ. ಮೂರನೆಯ ದಿನ ಹಾಲು ಉಕ್ಕುವ ಸದ್ದಿಗೆ ಒಳಗೆ ಹೋಗಿದ್ದಾರೆ. ಆ ದಿನ ಅಪ್ಪಾಜಿ ಕಣ್ಣು ಮುಚ್ಚಿರಲಿಲ್ಲ. ಕೈ ಮಡಚುವುದನ್ನು, ಲಿಂಗ ಜಾರುವುದನ್ನು ಅವರೇ ಕೂತು ನೋಡಿದ್ದಾರೆ. ಹಿಡಿಯೇ ಎಂದು ಕೈಗೆ ಹೇಳಿದರಂತೆ. ಜೋರಾಗಿ, ಹೆಸರಿಟ್ಟು ಕರೆದ ಹಾಗೆ. ಅಮ್ಮ ಓಡಿ ಬರುವಷ್ಟರಲ್ಲಿ ಅದು ನೆಲದ ಮೇಲಿತ್ತು.

"ಸೋಮವಾರನೂ ಬಿದ್ದಿತ್ತಾ?" ಎಂದು ಕೇಳಿದರಂತೆ.

"ಲಿಂಗ ಎದುರಿಗೈತೆ. ಹೆಂಗೆ ಸುಳ್ಳು ಹೇಳ್ಲಿ ತಾಯಿ? ಹ್ಞೂಂ ಅಂದೆ. ಡಾಕ್ಟ್ರಮ್ಮಂಗೂ ಗೊತ್ತಿತ್ತಾ ಅಂದ್ರು. ಹ್ಞೂಂ ಅಂದೆ. ಮುಂದೆ ಏನೂ ಕೇಳ್ಲಿಲ್ಲ. ಕರಡಿಗೆ ಕೊರಳಿಂದ ತೆಗೆದು ನನ್ ಕೈಗೆ ಕೊಟ್ರು. ದೇವ್ರ ಜಗಲಿ ಮ್ಯಾಲೆ ಇಡು ಅಂದ್ರು. ಆಮ್ಯಾಕೆ ಬಡಿಸು ಅಂದ್ರು."

ಈಗ ಅವರು ಉಣ್ಣುತ್ತಾರೆ. ಬೆಳಿಗ್ಗೆ ಮೂರು ರೊಟ್ಟಿ, ಮಧ್ಯಾಹ್ನ ಅನ್ನ ಸಾರು, ಸಂಜೆಗೆ ಮಂಡಕ್ಕಿ. ಹಾಕಿದಷ್ಟನ್ನೂ ಉಣ್ಣುತ್ತಾರೆ, ಬೇಕು ಎನ್ನುವುದಿಲ್ಲ, ಸಾಕು ಎನ್ನುವುದಿಲ್ಲ. ಉಪ್ಪು ಹೆಚ್ಚಾದರೂ ಕಡಿಮೆಯಾದರೂ ಒಂದೇ. ಮೈ ತುಂಬಿಕೊಂಡಿದೆ. ಮಗ ನನಗೆ ದಾರಿಯಲ್ಲಿ ಸಿಕ್ಕಾಗ, ಅಪ್ಪ ಸುಧಾರಿಸಿದರು ಎಂದು ಕೈ ಮುಗಿದ. ನಾನೂ ಮುಗಿದೆ.

ಆ ಸೋಮವಾರ ನಾನು ಅವರ ಮುಂದೆ ಕೂತು, ಅವತ್ತು ಹೇಳದೇ ಇದ್ದದ್ದು ತಪ್ಪು ಎಂದೆ. ಕೈ ಬರುವುದಿಲ್ಲ ಎಂದು ಮೊದಲೇ ಗೊತ್ತಿತ್ತು ಎಂದೂ ಹೇಳಿದೆ. "ಬಿಡ್ರಿ" ಎಂದರು. ಮರದ ಆಸರೆ ತರಲೇ ಎಂದು ಕೇಳಿದೆ. "ಯಾಕೆ?" ಎಂದರು. ಲಿಂಗ ಬಿದ್ದದ್ದಕ್ಕೆ ಅವರು ನನ್ನನ್ನು ಕ್ಷಮಿಸಿರಬಹುದು. ಖಾಲಿ ಕೈಗೆ ಪತ್ರೆ ಏರಿಸುತ್ತಿದ್ದ ಅವರನ್ನು ನಾವಿಬ್ಬರೂ ನಿಂತು ನೋಡಿದೆವಲ್ಲ, ಅದಕ್ಕೆ ಕ್ಷಮೆ ಎಲ್ಲಿಂದ ತರುವುದು?

ಹಾಗೆಂದು ಹೋಗುವುದನ್ನು ನಿಲ್ಲಿಸಿಲ್ಲ. ಬಿಗಿದ ಮುಷ್ಟಿಯನ್ನು ಹಾಗೇ ಬಿಟ್ಟರೆ ಉಗುರು ಬೆಳೆದು ಅಂಗೈಗೆ ಇಳಿಯುತ್ತದೆ, ಬೆವರಿಗೆ ಚರ್ಮ ಕೊಳೆಯುತ್ತದೆ. ಸೋಮವಾರ ಸೋಮವಾರ ನಾನು ಬಿಸಿನೀರು ತರಿಸಿ, ಬೆರಳನ್ನು ಒಂದೊಂದಾಗಿ ಬಿಡಿಸಿ, ಸೋಪು ಹಚ್ಚಿ ತೊಳೆದು, ಒರೆಸಿ, ಉಗುರು ಕತ್ತರಿಸುತ್ತೇನೆ. ಅಪ್ಪಾಜಿ ಆ ಕೈಯನ್ನು ಬಲಗೈಯಲ್ಲಿ ಎತ್ತಿ, ಅಂಗಡಿಯ ಸಾಮಾನು ಕೊಡುವ ಹಾಗೆ ನನ್ನ ಮಡಿಲಲ್ಲಿ ಇಡುತ್ತಾರೆ. ಬೀದಿಯಲ್ಲಿ ಹೋಗುವ ಟ್ರ್ಯಾಕ್ಟರ್‌ಗಳನ್ನು ನೋಡುತ್ತಾ ಕೂರುತ್ತಾರೆ. ಅಮ್ಮ ಆ ಹೊತ್ತಿಗೆ ಒಳಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಾರೆ. ತೊಳೆದ ಅಂಗೈ ಮೆತ್ತಗೆ, ಬೆಳ್ಳಗೆ, ಮಗುವಿನದರ ಹಾಗೆ ಅರೆಗಳಿಗೆ ಬಿಚ್ಚಿಕೊಂಡಿರುತ್ತದೆ.

"ಮುಗೀತೇನ್ರಿ?" ಎನ್ನುತ್ತಾರೆ.

"ಮುಗೀತು ಅಪ್ಪಾಜಿ."

ಕೈ ಬಿಡುತ್ತೇನೆ. ಅದು ತಾನಾಗಿ ಮಡಚಿಕೊಳ್ಳುತ್ತದೆ.